ಹತ್ತು ಫೋನು, ಒಂದು ಊಟದ ಮೇಜು

ಇದು ನಡೆದ ಕಥೆ. ಕಾಲ ಮೇಲೆ ನಡೆದದ್ದು ಕಡಿಮೆ, ಬೆರಳ ಮೇಲೆ ನಡೆದದ್ದೇ ಹೆಚ್ಚು. ಆದರೂ ಒಂದಕ್ಷರ ಸುಳ್ಳಿಲ್ಲ. ನಂಬದವರು ನೈರೋಬಿಯ ಸ್ಪ್ರಿಂಗ್ ವ್ಯಾಲಿಯಲ್ಲಿ, ಮೂರನೇ ಮಹಡಿಯ ಆ ಮನೆಗೆ ಹೋಗಿ ಊಟದ ಮೇಜನ್ನು ನೋಡಿಕೊಂಡು ಬರಬಹುದು. ಅದರ ಮೇಲೆ ಸಾರಿನ ಕಲೆಗಿಂತ ಚಾರ್ಜರಿನ ಗೀರು ಜಾಸ್ತಿ.

ಆ ಮೇಜಿನ ಮೇಲೆ ಆರು ಹೊಸ ಫೋನುಗಳನ್ನು ಸಾಲಾಗಿ ಮಲಗಿಸಿದವಳು ಮೈಥಿಲಿ. ಗಂಡ ತ್ರಿವಿಕ್ರಮ ಇಲ್ಲಿನ ಔಷಧಿ ಕಾರ್ಖಾನೆಯೊಂದಕ್ಕೆ ಪ್ರೊಡಕ್ಷನ್ ಮ್ಯಾನೇಜರಾಗಿ ಬಂದಾಗ ಅವಳು ಬೆಂಗಳೂರನ್ನೂ ಬಿಟ್ಟಳು, ಕೆಲಸವನ್ನೂ ಬಿಟ್ಟಳು. ಬೆಂಗಳೂರಿಗೆ ರಜೆಯಲ್ಲಿ ಹೋಗಿಬರಬಹುದು. ಕೆಲಸಕ್ಕೆ ಹಾಗೆ ಹೋಗಿಬರೋಕಾಗುವುದಿಲ್ಲ. ಒಂಬತ್ತು ವರ್ಷ ಮನೆಯಲ್ಲೇ ಇದ್ದು, ಈಗ ಹರ್ಲಿಂಗ್‌ಹ್ಯಾಮ್‌ನ ಒಂದು ಪುಟ್ಟ ಕಂಪನಿಯಲ್ಲಿ ಆ್ಯಪ್ ಪರೀಕ್ಷೆ ಮಾಡುವ ಕೆಲಸ ಸಿಕ್ಕಿತ್ತು. ಆ್ಯಪ್ ಹೆಸರು 'ಸಾ ಯಾ ದಾವಾ', ಅಂದರೆ ಸ್ವಾಹಿಲಿಯಲ್ಲಿ ಮದ್ದಿನ ಹೊತ್ತು. ಬಿಪಿ, ಸಕ್ಕರೆ ಕಾಯಿಲೆಯವರಿಗೆ ಮಾತ್ರೆಯ ವೇಳೆ ಬಂದಾಗ ಅದು ಕೂಗಿ ಹೇಳಬೇಕು. ಬರೀ ಗಂಟೆ ಹೊಡೆಯುವುದಲ್ಲ, ಮನೆಯವರ ದನಿಯನ್ನೇ ರೆಕಾರ್ಡ್ ಮಾಡಿ ಇಡಬಹುದು.

ಕಂಪನಿಯ ಯಜಮಾನಿ ವಂಬುಯಿ ಮೊದಲ ದಿನವೇ ಹೇಳಿದ್ದಳು: "ಊರಲ್ಲಿರೋ ಫೋನನ್ನೆಲ್ಲ ಕೊಳ್ಳೋಕೆ ನನ್ನ ಹತ್ತಿರ ದುಡ್ಡಿಲ್ಲ. ಆರು ಆರಿಸು. ಆ ಆರರಲ್ಲಿ ಓಡಿದರೆ ಊರಲ್ಲೆಲ್ಲ ಓಡುತ್ತೆ ಅನ್ನೋ ಹಾಗಿರಬೇಕು. ಆರು ವಾರ ಇದೆ. ಸರಿಹೋದರೆ ಕೆಲಸ ಖಾಯಂ. ಇಲ್ಲದಿದ್ದರೆ ನಾವು ಸ್ನೇಹಿತರಾಗಿ ಉಳಿಯೋಣ."

ಸ್ನೇಹಿತರಾಗಿ ಉಳಿಯುವುದು ಅಂದರೆ ಮತ್ತೆ ಮನೆಯಲ್ಲಿ ಉಳಿಯುವುದು ಎಂದು ಮೈಥಿಲಿಗೆ ಕೂಡಲೇ ಅರ್ಥವಾಯಿತು.

ಒಂದು ವಾರ ಕೂತು ಪಟ್ಟಿ ಮಾಡಿದಳು. ಯಾವುದು ಹೆಚ್ಚು ಮಾರಾಟವಾಗುತ್ತದೆ, ಯಾವುದರ ಪರದೆ ಅಗಲ, ಯಾವುದರದ್ದು ಕಿರಿದು, ಯಾವುದರ ಮೆಮೊರಿ ಕಮ್ಮಿ, ಯಾವುದರಲ್ಲಿ ಹಳೇ ಆಂಡ್ರಾಯ್ಡ್. ದುಬಾರಿಯದು ಎರಡು, ಮಧ್ಯಮದ್ದು ಎರಡು, ಅಗ್ಗದ್ದು ಎರಡು. ಪಟ್ಟಿಯಲ್ಲಿ ಒಂದು ತಪ್ಪು ಹುಡುಕೋಕಾಗದ ಹಾಗೆ ಮಾಡಿದಳು. ಆರೂ ಮದುವಣಗಿತ್ತಿಯರ ಹಾಗೆ ಫಳಫಳ ಅನ್ನುತ್ತಿದ್ದವು. ಪರೀಕ್ಷೆ ನಡುವೆ ನಿಲ್ಲಬಾರದೆಂದು ಆರನ್ನೂ ಹಗಲೆಲ್ಲ ಚಾರ್ಜಿಗೇ ಹಾಕಿಡುತ್ತಿದ್ದಳು.

ಕಷ್ಟ ಶುರುವಾದದ್ದು ಇಲ್ಲಿಂದ. ಮನೆಯಲ್ಲಿ ಆರಿಸುವವರು ಇಬ್ಬರಾದರು. ಸೊಸೆ ಫೋನು ಆರಿಸಿದರೆ, ಮಾವ ದೀಪ ಆರಿಸುತ್ತಿದ್ದರು.

ಮಾವ ಸದಾಶಿವರಾಯರು ಮೈಸೂರಿನಲ್ಲಿ ಮೂವತ್ತನಾಲ್ಕು ವರ್ಷ ಮನೆಮನೆಯ ಕರೆಂಟ್ ಮೀಟರ್ ಓದಿ ನಿವೃತ್ತರಾದವರು. ನಾಲ್ಕು ತಿಂಗಳು ಇದ್ದು ಹೋಗೋಣವೆಂದು ಬಂದಿದ್ದರು. ಈ ಮನೆಯ ಮೀಟರು ಅಡುಗೆಮನೆ ಗೋಡೆಯಲ್ಲಿತ್ತು. ಮೊದಲೇ ದುಡ್ಡು ಕಟ್ಟಿ ನಂಬರ್ ಒತ್ತಬೇಕು, ಆಮೇಲೆ ಯೂನಿಟ್ಟು ಒಂದೊಂದಾಗಿ ಇಳಿಯುತ್ತಾ ಹೋಗುತ್ತದೆ. ಜೀವಮಾನವೆಲ್ಲ ಏರುವ ಮೀಟರ್ ನೋಡಿದವರಿಗೆ ಇಳಿಯುವ ಮೀಟರ್ ನೋಡಿ ಎದೆ ಡವಡವ ಅಂದಿತು. ಬೆಳಿಗ್ಗೆ ಎದ್ದು ದೇವರಿಗೆ ಕೈ ಮುಗಿದ ಮೇಲೆ ಮೀಟರಿಗೂ ಒಮ್ಮೆ ಮುಖ ತೋರಿಸಿ ಬರುತ್ತಿದ್ದರು. ಮೇಜಿನ ಪಕ್ಕದ ಆರು ಚಾರ್ಜರು ಕಂಡಾಗಲೆಲ್ಲ ಟಪ್ ಟಪ್ ಎಂದು ಸ್ವಿಚ್ ಒತ್ತುತ್ತಿದ್ದರು.

"ಮಾವ, ದಯವಿಟ್ಟು ಅದನ್ನ ಮುಟ್ಬೇಡಿ. ನಡುವೆ ಫೋನ್ ಸತ್ತುಹೋದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕು."

"ತುಂಬಿದ ಹೊಟ್ಟೆಗೆ ಎಷ್ಟು ಉಣಿಸ್ತೀಯಮ್ಮ? ನೂರು ಅಂತ ತೋರಿಸ್ತಾ ಇದೆಯಲ್ಲ."

"ಅದು ಹಾಗೇ ಇರ್ಬೇಕು."

"ನಮ್ಮ ಊಟ ಮಾತ್ರ ತೊಡೆ ಮೇಲೆ. ಫೋನುಗಳಿಗೆ ಪಂಕ್ತಿ ಊಟ."

ಅದು ನಿಜವೇ. ಮೇಜು ಫೋನುಗಳಿಗೆ ಹೋದ ಮೇಲೆ ಮನೆಮಂದಿ ಸೋಫಾದ ಮೇಲೆ ತಟ್ಟೆ ಹಿಡಿದು ಊಟ ಮಾಡುತ್ತಿದ್ದರು. ತ್ರಿವಿಕ್ರಮನ ಬಿಳಿ ಅಂಗಿಯ ಮೇಲೆ ಹುಳಿ ಬಿದ್ದಿತು. ಅವನು ಏನೂ ಅನ್ನಲಿಲ್ಲ, ಅಂಗಿಯನ್ನು ಮಡಿಸಿ ಮೈಥಿಲಿ ನೋಡುವಲ್ಲಿ ಇಟ್ಟ. ಅನ್ನುವುದಕ್ಕಿಂತ ಅದೇ ಜಾಸ್ತಿಯಾಯಿತು.

"ಏನಾದ್ರೂ ಹೇಳೋದಿದ್ರೆ ಬಾಯಲ್ಲಿ ಹೇಳಿ," ಎಂದಳು ಮೈಥಿಲಿ.

"ನಾನೇನು ಹೇಳ್ಲಿ? ದಾವಾ ಅಂತ ಆ್ಯಪ್ ಹೆಸರು. ಮಾತಾಡಿದ್ರೆ ದಾವೆ ಹೂಡ್ತೀಯ."

ಮಗಳು ಪ್ರಗತಿಗೆ ಹದಿಮೂರು. ನಾಲ್ಕು ವರ್ಷದವಳಿದ್ದಾಗ ಬಂದವಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ತಾತ "ಊಟ ಆಯ್ತಾ ಪುಟ್ಟಿ?" ಅಂದರೆ "ಆಲ್ಮೋಸ್ಟ್" ಅನ್ನುವಳು. ತಾತನಿಗೆ ಈ ಆಲ್ಮೋಸ್ಟು ಯಾವ ಪದಾರ್ಥವೆಂದು ಮೊದಮೊದಲು ತಿಳಿಯಲಿಲ್ಲ. ಆದರೆ ಹುಡುಗಿಗೆ ಒಂದು ವಿದ್ಯೆ ಇತ್ತು. ಯಾರ ದನಿ ಕೇಳಿದರೂ ಅದನ್ನು ಹಾಗೇ ಎತ್ತಿಕೊಂಡುಬಿಡುತ್ತಿದ್ದಳು. ಶಾಲೆಯ ಪ್ರಿನ್ಸಿಪಾಲು, ಮಟಾಟು ವ್ಯಾನಿನ ಬಾಗಿಲಲ್ಲಿ ಜೋತುಬಿದ್ದು ಜನರನ್ನು ಕರೆಯುವ ಕಂಡಕ್ಟರು, ಕುಕ್ಕರಿನ ಮೂರನೇ ಸೀಟಿ, ಎಲ್ಲವೂ ಅವಳ ಗಂಟಲಲ್ಲಿ ಬಾಡಿಗೆಗಿದ್ದವು.

ಮೂರು ವಾರದಲ್ಲಿ ಆರು ಫೋನುಗಳೂ ಎಲ್ಲ ಪರೀಕ್ಷೆ ಪಾಸಾದವು. ಹೇಳಿದ ಹೊತ್ತಿಗೆ ಹೇಳಿದಂತೆ ಕೂಗಿದವು. ಮೈಥಿಲಿ ವರದಿಯಲ್ಲಿ ಎಲ್ಲ ಸಾಲಿಗೂ ಹಸಿರು ಬಣ್ಣ ತುಂಬಿ ಕಳಿಸಿದಳು. ವಂಬುಯಿ ಹದಿನೇಳು ಮದ್ದಿನಂಗಡಿಗಳಿಗೆ ಬಿಡುಗಡೆಯ ತಾರೀಖು ಹೇಳಿಯೂ ಆಯಿತು.

ನಾಲ್ಕನೇ ಭಾನುವಾರ ತ್ರಿವಿಕ್ರಮನ ಡೈರೆಕ್ಟರ್ ದ್ವಾರಕಾನಾಥ್ ಹೆಂಡತಿಯೊಡನೆ ಊಟಕ್ಕೆ ಬರುವವರಿದ್ದರು. ಫೋನುಗಳು ಮಲಗುವ ಕೋಣೆಯ ಮಂಚಕ್ಕೆ ವರ್ಗವಾದವು. ಮೇಜಿಗೆ ಬಟ್ಟೆ ಬಂತು. ಕೆಲಸದ ಮುಥೋನಿ ಭಾನುವಾರವಾದರೂ ಬಂದು ಕೋಸಂಬರಿಗೆ ಸೌತೆಕಾಯಿ ಹೆಚ್ಚಿಕೊಟ್ಟಳು.

ಊಟ ಚೆನ್ನಾಗಿ ಸಾಗಿತ್ತು. ಒಂದೂವರೆ ಆಗುತ್ತಿದ್ದಂತೆ ಪ್ರಗತಿ ಮಾತ್ರ ಕುರ್ಚಿಯಲ್ಲಿ ಕೂರಲಾರದವಳಂತೆ ಆಡತೊಡಗಿದಳು. ಗಡಿಯಾರ ನೋಡುವಳು, ತಾತನ ಜೇಬು ನೋಡುವಳು. ಸದಾಶಿವರಾಯರು ಗಡಿಯಾರ ನೋಡಿ ತಾವೇ ಬಿಪಿ ಮಾತ್ರೆ ನುಂಗಿ ನೀರು ಕುಡಿದರು. ಒಂದೂ ಮುಕ್ಕಾಲಾಯಿತು.

"ತಾತ, ಇಸ್ ಯುವರ್ ಫೋನ್ ಆನ್?"

"ಆನಲ್ಲದೆ ಮತ್ತೇನು? ನನ್ನ ಫೋನು ಯಾವತ್ತೂ ಆಫ್ ಆಗಿದ್ದಿಲ್ಲ."

ಮೈಥಿಲಿ ಮಗಳನ್ನು ಅಡುಗೆಮನೆಗೆ ಕರೆದಳು. "ಏನು ಮಾಡಿದೀಯ?"

"ನಥಿಂಗ್."

"ಪ್ರಗತಿ."

"ಇಟ್ ವಾಸ್ ಸಪೋಸ್ಡ್ ಟು ರಿಂಗ್, ಅಮ್ಮ." ಹುಡುಗಿ ಪಾಯಸದ ಪಾತ್ರೆ ನೋಡುತ್ತಾ ಹೇಳಿದಳು. ತಾತ ಸ್ನಾನಕ್ಕೆ ಹೋದಾಗ ಅವರ ಫೋನಿಗೆ ಅಮ್ಮನ ಆ್ಯಪ್ ಹಾಕಿದ್ದಳು. ಒಂದೂವರೆಗೆ ಸರಿಯಾಗಿ, ಡೈರೆಕ್ಟರ್ ಎದುರಿಗೆ, ತಾತನ ಜೇಬಿನಿಂದ ತಾತನದೇ ದನಿ ಹೊರಡಬೇಕಿತ್ತು.

ಮೈಥಿಲಿಗೆ ಬೈಯುವುದು ಮರೆತೇಹೋಯಿತು. "ರಿಂಗ್ ಆಗ್ಲಿಲ್ವಾ? ಆಗ್ಲೇ ಇಲ್ವಾ?"

ಅತಿಥಿಗಳು ಎಲೆಯಡಿಕೆ ಹಾಕಿಕೊಂಡು ಹೊರಟ ಮೇಲೆ ಅವಳು ಮಾವನ ಮುಂದೆ ಕೈ ಚಾಚಿದಳು. ಫೋನಿನಲ್ಲಿ ಬ್ಯಾಟರಿ ಉಳಿಸುವ ವ್ಯವಸ್ಥೆ ಆನ್ ಆಗಿತ್ತು.

"ಇದನ್ನ ಯಾವಾಗ ಹಾಕಿದ್ರಿ ಮಾವ?"

"ಕೊಂಡ ದಿನವೇ. ಮೂರು ವರ್ಷ ಆಯ್ತು. ನಾಲ್ಕು ದಿನಕ್ಕೆ ಒಂದೇ ಸಲ ಚಾರ್ಜು," ಎಂದರು ರಾಯರು, ಪದಕ ತೋರಿಸುವವರಂತೆ.

ಅವಳು ಮಂಚದ ಮೇಲಿನ ಅಗ್ಗದ ಹೊಸ ಫೋನೊಂದರ ಚಾರ್ಜರ್ ಕಿತ್ತಳು. ಅದರಲ್ಲೂ ಬ್ಯಾಟರಿ ಉಳಿಸುವ ಸ್ವಿಚ್ ಹಾಕಿದಳು, ಅರ್ಧ ಗಂಟೆಯ ನಂತರಕ್ಕೆ ಒಂದು ನೆನಪು ಇಟ್ಟಳು, ಮಗ್ಗುಲಲ್ಲಿ ಕೂತಳು. ಅರ್ಧ ಗಂಟೆಯಾಯಿತು. ಮುಕ್ಕಾಲಾಯಿತು. ಫೋನು ತುಟಿ ಬಿಚ್ಚಲಿಲ್ಲ. ಬ್ಯಾಟರಿ ಉಳಿಸಲೆಂದು ಅದು ಹಿಂದೆ ಕೂತ ಆ್ಯಪನ್ನೇ ಜೋಗುಳ ಹಾಡಿ ಮಲಗಿಸಿಬಿಟ್ಟಿತ್ತು. ಮೂರು ವಾರ ಚಾರ್ಜಿಗೇ ಅಂಟಿಕೊಂಡಿದ್ದ ಫೋನಿಗೆ ಹಾಗೆ ಮಲಗಿಸುವ ಪ್ರಸಂಗವೇ ಬಂದಿರಲಿಲ್ಲ.

ಅಷ್ಟರಲ್ಲಿ ನಡುಮನೆಯಿಂದ ರಾಯರದೇ ದನಿ ಕೇಳಿಸಿತು: "ಏನಯ್ಯಾ ಸದಾಶಿವ, ಬಚ್ಚಲ ದೀಪ ಉರೀತಾ ಇದೆ, ಯಾರಪ್ಪನ ಮನೆ ಕರೆಂಟು ಅದು? ಹೋಗಿ ಆರಿಸು. ಹಾಗೇ ಮಾತ್ರೆನೂ ನುಂಗು. ನೀರು ಅರ್ಧ ಲೋಟ ಸಾಕು."

ರಾಯರು ಬಾಯಿ ಮುಚ್ಚಿಕೊಂಡೇ ಕೂತಿದ್ದರು. ತ್ರಿವಿಕ್ರಮ ಏನಿದೆಯೋ ನೋಡೋಣವೆಂದು ಅಪ್ಪನ ಫೋನಿನಲ್ಲಿದ್ದ ರೆಕಾರ್ಡಿಂಗನ್ನು ಹಚ್ಚಿದ್ದ. ಅವನಿಗೆ ನಗು ಬಂತು, ಅಪ್ಪನ ಮುಖ ನೋಡಿ ಹಿಂದಕ್ಕೆ ಹೋಯಿತು. ರಾಯರು ಫೋನು ತೆಗೆದುಕೊಂಡು ತಮ್ಮ ಕೋಣೆಗೆ ನಡೆದರು. ಅವತ್ತು ಯಾವ ದೀಪವನ್ನೂ ಆರಿಸಲಿಲ್ಲ.

ಮರುದಿನ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಹಿಡಿದೇ ಜಗಳವಾಯಿತು.

"ವಂಬುಯಿಗೆ ಹೇಳ್ಬೇಕು," ಎಂದಳು ಮೈಥಿಲಿ.

"ಎಲ್ಲ ಹಸಿರು ಅಂತ ನೀನೇ ಬರೆದು ಕೊಟ್ಟಿದೀಯ. ಈಗ ಹೋಗಿ ತಪ್ಪಾಯ್ತು ಅಂದ್ರೆ ಖಾಯಂ ಮಾಡ್ತಾಳಾ?" ಎಂದ ತ್ರಿವಿಕ್ರಮ. "ಅಪ್ಪನ ಥರ ಫೋನ್ ಇಟ್ಕೊಳ್ಳೋರು ಎಷ್ಟು ಜನ ಇರ್ತಾರೆ?"

ತಟ್ಟೆ ಎತ್ತಲು ಬಂದ ಮುಥೋನಿಯನ್ನು ಮೈಥಿಲಿ ತಡೆದು ನಿಲ್ಲಿಸಿದಳು. "ಮುಥೋನಿ, ನಿನ್ನ ಫೋನಲ್ಲಿ ಬ್ಯಾಟರಿ ಉಳಿಸೋದು ಹಾಕ್ತೀಯಾ?"

"ಹಾಕದೆ ಇರ್ತಾರಾ ಮಾಮಾ ಪ್ರಗತಿ?" ಇಲ್ಲಿ ತಾಯಿಯನ್ನು ಮಗುವಿನ ಹೆಸರು ಹಿಡಿದು ಕರೆಯುವುದು ಹೀಗೆ. ಮುಥೋನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಬೆಳಿಗ್ಗೆ ಐದಕ್ಕೆ ಮನೆ ಬಿಡ್ತೀನಿ. ಸಂಜೆ ಮಟಾಟು ಇಳಿದು ಮನೆ ಸೇರೋವರೆಗೂ ಫೋನ್ ಬದುಕಿರ್ಬೇಕು. ನಮ್ಮ ಕಡೆ ಎಲ್ಲರೂ ಹಾಕ್ತಾರೆ."

ಮೈಥಿಲಿ ಗಂಡನ ಕಡೆ ತಿರುಗಿದಳು. "ನಿಮ್ಮ ಫ್ಯಾಕ್ಟರೀಲಿ ಒಂದು ಬ್ಯಾಚ್ ಮಾತ್ರೆ ಕೆಟ್ಟಿದೆ ಅಂತ ನಿಮಗೊಬ್ರಿಗೇ ಗೊತ್ತು. ಲಾರಿ ಹತ್ತಿಸ್ತೀರಾ?"

ತ್ರಿವಿಕ್ರಮ ಉಪ್ಪಿಟ್ಟು ಕಲಸಿದ. ಕಲಸುವಂಥದ್ದೇನೂ ಅದರಲ್ಲಿರಲಿಲ್ಲ. "ಹೇಳು," ಎಂದ ಕೊನೆಗೆ. "ಬಾ, ನಾನೇ ಬಿಟ್ಟು ಹೋಗ್ತೀನಿ."

ವಂಬುಯಿ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. "ಆರು ಫೋನು ಕೊಡಿಸಿದೆ. ಬೇಕಾಗಿದ್ದ ಫೋನು ನಿನ್ನ ಮಾವನ ಜೇಬಿನಲ್ಲಿತ್ತು," ಎಂದಳು. "ಎರಡು ವಾರ ಉಳಿದಿದೆ. ತಾರೀಖು ಬದಲಾಗಲ್ಲ, ದುಡ್ಡೂ ಇಲ್ಲ. ಕೊನೇ ಶನಿವಾರ ನಾನೇ ಬಂದು ಕಣ್ಣಾರೆ ನೋಡ್ತೀನಿ. ಒಂದು ಫೋನು ಸುಮ್ಮನಿದ್ದರೂ ಬಿಡುಗಡೆ ಇಲ್ಲ. ನಿನ್ನ ವಿಷಯ ಆಮೇಲೆ ಮಾತಾಡೋಣ."

ಮೈಥಿಲಿ ದುಬಾರಿಯ ಎರಡು ಫೋನುಗಳನ್ನು ಅಂಗಡಿಗೆ ವಾಪಸು ಕೊಟ್ಟಳು. ಆ ದುಡ್ಡಿನಲ್ಲಿ ಹಳೇ ಫೋನು ಕೊಳ್ಳಲು ನ್ಗಾರಾಕ್ಕೆ ಹೊರಟಾಗ ಸದಾಶಿವರಾಯರು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. "ನಾನೂ ಬರ್ತೀನಿ," ಎಂದರು. ಭಾನುವಾರದಿಂದ ಅವರು ಆಡಿದ ಮೊದಲ ಮಾತು ಅದು.

ದಾರಿಯಲ್ಲಿ ಮೈಥಿಲಿಯೇ ಶುರು ಮಾಡಿದಳು. "ಪ್ರಗತಿ ಮಾಡಿದ್ದು ತಪ್ಪು ಮಾವ. ಅವಳ ಕೈಲಿ ಕ್ಷಮೆ ಕೇಳಿಸ್ತೀನಿ."

"ಅವಳಿಗೆ ಬೈಬೇಡ." ರಾಯರು ಕಿಟಕಿಯ ಹೊರಗೆ ನೋಡಿದರು. "ಎಂಟು ಸಲ ಕೇಳಿದೆ ಅದನ್ನ. ಕನ್ನಡ ಒಂದು ತಪ್ಪಿಲ್ಲ. ನನ್ನ ದನೀಲಿ ಬರೋ ಕನ್ನಡ ಅವಳ ದನೀಲಿ ಯಾಕಮ್ಮ ಬರಲ್ಲ?" ಆಮೇಲೆ ಅವಳ ಕಡೆ ತಿರುಗಿದರು: "ಒಂದು ಹೇಳು. ನಾನು ಅಷ್ಟೊಂದು ಕಾಟ ಕೊಡ್ತೀನಾ?"

"ಸ್ವಲ್ಪ."

"ಹೂಂ."

"ನಾನೂ ಕೊಡ್ತೀನಿ ಮಾವ."

"ಹೌದು. ಕೊಡ್ತೀಯ," ಎಂದರು ರಾಯರು, ಒಂದು ಕ್ಷಣವೂ ಯೋಚಿಸದೆ. ಇಬ್ಬರಿಗೂ ಹಗುರವಾಯಿತು.

ನ್ಗಾರಾದ ಅಂಗಡಿಯಾತ ಗುಜರಾತಿ ಮುದುಕ. ಒರೆಸಿ ಹೊಳಪಿಟ್ಟ ಹಳೇ ಫೋನುಗಳನ್ನು ಹರಡಿ, "ಹೊಸದರ ಹಾಗಿದೆ ಬೆಹನ್‌ಜಿ, ಒಂದು ಗೀರಿಲ್ಲ," ಎಂದ.

"ಇದು ಬೇಡ," ಎಂದರು ರಾಯರು ತಮ್ಮ ಹಿಂದಿಯಲ್ಲಿ. "ಬ್ಯಾಟರಿ ಸೋತಿರೋದು ತೋರಿಸಿ."

"ಸೋತಿರೋದಾ?"

"ಹೂಂ. ಮಧ್ಯಾಹ್ನಕ್ಕೇ ಸುಸ್ತಾಗೋದು. ಮೆಮೊರಿ ತುಂಬಿ ತುಳುಕೋದು. ನಿಮ್ಮ ಹತ್ತಿರ ಇರೋದರಲ್ಲೆಲ್ಲ ಕೆಟ್ಟದ್ದು ನಾಲ್ಕು."

ಮುದುಕ ಮೈಥಿಲಿಯ ಮುಖ ನೋಡಿದ. ಅವಳು ಗಂಭೀರವಾಗಿ ತಲೆಯಾಡಿಸಿದಳು. "ನಲವತ್ತು ವರ್ಷದಿಂದ ಅಂಗಡಿ ಇಟ್ಟಿದೀನಿ," ಎಂದ ಅವನು, ಕೆಳಗಿನ ಡಬ್ಬಕ್ಕೆ ಕೈ ಹಾಕುತ್ತಾ. "ಕೆಟ್ಟದ್ದು ಕೊಟ್ಟೆ ಅಂತ ಬೈಯೋಕೆ ಬಂದೋರಿದಾರೆ. ಕೆಟ್ಟದ್ದು ಕೊಡು ಅಂತ ಬಂದೋರು ನೀವೇ ಮೊದಲು." ರಾಯರು ಒಂದೊಂದನ್ನೂ ಕೈಯಲ್ಲಿ ಹಿಡಿದು, ಎಷ್ಟು ಹೊತ್ತಿಗೆ ಎಷ್ಟು ಇಳಿಯುತ್ತದೆಂದು ನೋಡಿ, ಇಳಿಯುವುದು ನಿಧಾನವಾದರೆ ಬೇಡವೆಂದು ಬದಿಗಿಟ್ಟರು. ಚೌಕಾಸಿಯೂ ಮಾಡಿದರು. ಕೊನೆಯ ಫೋನು ಅವರು ಬೇಕೆಂದಷ್ಟು ಕೆಟ್ಟಿರಲಿಲ್ಲ ಎಂಬುದು ಅವರ ತಕರಾರು.

ಹೀಗೆ ನಾಲ್ಕು ಹೊಸದು, ನಾಲ್ಕು ಹಳೆಯದು, ರಾಯರದೊಂದು, ಮುಥೋನಿಯದೊಂದು, ಒಟ್ಟು ಹತ್ತಾಯಿತು. ಹಳೆಯವನ್ನು ಸಂಸಾರಕ್ಕೆ ಹಚ್ಚಿದವಳು ಮುಥೋನಿ. ಕೆಲಸವಿಲ್ಲದಾಗ ಡೇಟಾ ಆರಿಸಿದಳು, ಫೋಟೋ ತುಂಬಿದಳು, ನಡುವೆ ಹಿಟ್ಟಿನ ಕೈಯಲ್ಲೇ ತೆಗೆದು ಹಾಡು ಹಚ್ಚಿದಳು. "ಫೋನ್ ಅಂದ್ರೆ ಹೀಗಿರುತ್ತೆ ಬಾಬು," ಎಂದು ರಾಯರಿಗೆ ಹೇಳಿಕೊಟ್ಟಳು. ಬಾಬು ಅಂದರೆ ಅವಳ ಭಾಷೆಯಲ್ಲಿ ತಾತ. ರಾಯರು ಅವಳ ಭಾಷೆಯಲ್ಲೇ "ಸವಾ, ಸವಾ", ಸರಿ ಸರಿ ಎಂದು ಗಂಟೆಗೊಮ್ಮೆ ಹತ್ತೂ ಫೋನಿನ ಬ್ಯಾಟರಿ ಓದಿ ನೋಟ್‌ಬುಕ್ಕಿನಲ್ಲಿ ಬರೆದರು. ಮೂವತ್ತನಾಲ್ಕು ವರ್ಷದ ಕೈ, ಒಂದು ಅಂಕಿ ತಪ್ಪಲಿಲ್ಲ. ಮೈಥಿಲಿ ಆ ಪುಟಗಳನ್ನೇ ಆಫೀಸಿಗೆ ಒಯ್ದಳು. ಕೋಡ್ ಬರೆಯುವ ಹುಡುಗರು ತಿದ್ದಿದರು: ಮಾತ್ರೆಯ ಹೊತ್ತಿಗೆ ಆ್ಯಪನ್ನು ಎಬ್ಬಿಸುವ ಅನುಮತಿಯನ್ನು ಮೊದಲೇ ಕೇಳಿ ಪಡೆಯುವ ಹಾಗೆ ಮಾಡಿದರು. ಮೊದಲ ಸಲ ಹತ್ತರಲ್ಲಿ ಏಳು ಕೂಗಿದವು. ಆಮೇಲೆ ಎಂಟು. ಗುರುವಾರ ಒಂಬತ್ತು, ಬಾಯಿ ಬಿಡದೆ ಉಳಿದದ್ದು ರಾಯರದು. ಶುಕ್ರವಾರ ಸಂಜೆ ಮತ್ತೊಮ್ಮೆ ತಿದ್ದಿ ಕಳಿಸಿದರು.

ಶನಿವಾರ ಬೆಳಿಗ್ಗೆ ಮೈಥಿಲಿ ಬಿಸಿಬೇಳೆಬಾತಿಗೆ ಎರಡು ಸಲ ಉಪ್ಪು ಹಾಕಲು ಹೋದಳು. ತ್ರಿವಿಕ್ರಮ ಸೌಟು ಕಸಿದುಕೊಂಡ. "ಮಧ್ಯಾಹ್ನ ಒಂದು ಗಂಟೆಗೆ ಹತ್ತರಲ್ಲೂ ನೆನಪು ಇಡು," ಎಂದು ಪ್ರಗತಿಗೆ ಹೇಳಿದಳು. "ಬರೀ ಗಂಟೆ ಸದ್ದು ಸಾಕು." ಮೊಮ್ಮಗಳೂ ತಾತನೂ ಫೋನುಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸದ್ದಾಗಬಾರದಲ್ಲ, ಅದಕ್ಕೆ ಎಂದುಕೊಂಡಳು.

ಹನ್ನೆರಡೂವರೆಗೆ ವಂಬುಯಿ ಬಂದಳು. ಹತ್ತು ಫೋನು ಮೇಜಿನ ಮೇಲೆ ಪರದೆ ಆರಿಸಿಕೊಂಡು ಮಲಗಿದ್ದವು. ಒಂದಕ್ಕೂ ಚಾರ್ಜರ್ ಇರಲಿಲ್ಲ. ಎಲ್ಲರೂ ಸುತ್ತ ನಿಂತರು. ಒಂದು ಗಂಟೆಯಾಯಿತು.

"ರೀ, ಆ ಟವೆಲ್ ಹಾಸಿಗೆ ಮೇಲೆ ಹಾಕ್ಬೇಡೀಂದ್ರೆ," ಎಂದಿತು ಮೊದಲ ಫೋನು.

ಮೈಥಿಲಿಯದೇ ದನಿ.

"ಪ್ರಗತಿ, ಟೊಮೆಟೋನ ಬದಿಗಿಡ್ಬೇಡ, ತಿನ್ನು," ಎಂದಿತು ಎರಡನೆಯದು. ಮೂರನೆಯದು ಮೂಗಿನಲ್ಲಿ ನಯವಾಗಿ, "ಯೆಸ್ ವಂಬುಯಿ, ಅಬ್ಸಲ್ಯೂಟ್ಲಿ ವಂಬುಯಿ," ಎಂದಿತು. ನಾಲ್ಕು, ಐದು, ಆರು ಒಟ್ಟಿಗೇ ಶುರುವಾದವು. ಒಂದು ಸೋಪಿನ ಡಬ್ಬ ಎಲ್ಲಿ ಎಂದಿತು, ಒಂದು ಲಿಫ್ಟಿಗೆ ಬೈದಿತು, ಒಂದು ಬೆಂಗಳೂರಿನ ಅಕ್ಕನೊಡನೆ ನಿಟ್ಟುಸಿರುಬಿಟ್ಟು "ಏನ್ ಹೇಳ್ಲೀ" ಎಂದಿತು. ಮೈಥಿಲಿಯ ಮುಖ ಕೆಂಪಾಯಿತು. ಆದರೂ ಅವಳ ಬೆರಳು ಮಡಚಿಕೊಳ್ಳುತ್ತಲೇ ಇತ್ತು. ಏಳು. ಎಂಟು. ಒಂಬತ್ತು.

ಹತ್ತನೆಯದು ಕೂಗಲಿಲ್ಲ. ಅದು ರಾಯರ ಫೋನು.

ವಂಬುಯಿ ಕೈಗಡಿಯಾರ ನೋಡಿದಳು. ತ್ರಿವಿಕ್ರಮ ಹೆಂಡತಿಯ ಹತ್ತಿರಕ್ಕೆ ಸರಿದ. ಮುಥೋನಿ ಅಡುಗೆಮನೆ ಬಾಗಿಲಲ್ಲಿ ತುಟಿ ಕಚ್ಚಿಕೊಂಡಿದ್ದಳು. ಮೈಥಿಲಿ ಆ ಫೋನನ್ನೇ ನೋಡುತ್ತಾ ನಿಂತಳು. ಇಪ್ಪತ್ತು ಸೆಕೆಂಡು, ನಲವತ್ತು. "ಸಾರಿ ವಂಬುಯಿ," ಎಂದು ಹೇಳಲು ಅವಳು ಉಸಿರೆಳೆದುಕೊಂಡಳು.

ಆಗ ಹತ್ತನೆಯ ಫೋನು ಬಾಯಿಬಿಟ್ಟಿತು. ಈ ಸಲ ಮೈಥಿಲಿಯನ್ನು ಅಣಕಿಸಿದ್ದು ಪ್ರಗತಿಯಲ್ಲ. ಎಪ್ಪತ್ತೆರಡು ವರ್ಷದ ಗಂಟಲೊಂದು ಹೆಣ್ಣುದನಿ ಮಾಡಲು ಹೋಗಿ, ಮೇಲೇರಿ, ನಡುವೆ ಒಡೆದು, ಕೆಮ್ಮಿ, ಮತ್ತೆ ಏರಿ, ಆರು ವಾರದಿಂದ ಪ್ರತಿ ಊಟಕ್ಕೂ ಆ ಮನೆ ಕೇಳುತ್ತಿದ್ದ ಮಾತನ್ನು ರಾಗವಾಗಿ ಹೇಳಿತು: "ಐದೇ ನಿಮಿಷ ಮಾವ... ನೀವೆಲ್ಲ ಶುರು ಮಾಡೀ... ನಾನ್ ಬಂದೇ ಬಿಟ್ಟೇ..."

"ತಾತ ಒಂದು ನಿಮಿಷ ಲೇಟಾಗಿ ಇಡು ಅಂದ್ರು, ಅಮ್ಮ," ಎಂದಳು ಪ್ರಗತಿ. ಕನ್ನಡದಲ್ಲಿ, ತನ್ನದೇ ದನಿಯಲ್ಲಿ.

ರಾಯರು ಮುಖ ಬಿಗಿದುಕೊಂಡು ನಿಲ್ಲಲು ನೋಡಿದರು, ಆಗಲಿಲ್ಲ. ಕನ್ನಡದ ಗಂಧವಿಲ್ಲದ ವಂಬುಯಿ ಕುರ್ಚಿ ಹಿಡಿದು ನಗುತ್ತಾ, "ಹತ್ತಕ್ಕೆ ಹತ್ತು. ಸೋಮವಾರ ಬಂದು ಕಾಗದಕ್ಕೆ ಸಹಿ ಹಾಕು," ಎಂದಳು. ತ್ರಿವಿಕ್ರಮ ಕಣ್ಣೊರೆಸಿಕೊಂಡ, ಮುಥೋನಿ ಸೆರಗಿಲ್ಲದ ಏಪ್ರನ್ನಿನಲ್ಲೇ ಬಾಯಿ ಮುಚ್ಚಿಕೊಂಡಳು. ಮೈಥಿಲಿಗೆ ಮಾತ್ರ ಏನನ್ನೂ ಮುಚ್ಚಿಕೊಳ್ಳಲು ಪುರುಸೊತ್ತಾಗಲಿಲ್ಲ. ಅವಳು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೇ ಕೂತುಬಿಟ್ಟಿದ್ದಳು. ಗೇಟಿನ ಕಾವಲುಗಾರ ಮೂರು ಮಹಡಿ ಕೆಳಗಿನಿಂದ ತಲೆಯೆತ್ತಿ ಯಾರಿದು ಎಂದು ನೋಡುವಷ್ಟು ಜೋರಾಗಿ ನಗುತ್ತಿದ್ದಳು.